ಯಾರ ದೋಣಿಯ ಸ್ಟಾಂಪು

ಪಿಂಚರ್ಸ್ ಕೋವ್
ಜೂನ್ 12, 1966

ಪ್ರೀತಿಯ ಸೆಲ್ಲಿ,

ನಿನ್ನ ಪತ್ರ, ಕಾಲುಚೀಲ ಎರಡೂ ಸ್ಟೀಮರಿನಲ್ಲಿ ಬಂದವು. ಕಾಲುಚೀಲ ಬಹಳ ನಯವಾಗಿದೆ. ಈ ಊರಲ್ಲಿ ಅದನ್ನು ಹಾಕಿಕೊಂಡು ಎಲ್ಲಿಗೆ ಹೋಗಲಿ ಮಾರಾಯ್ತಿ? ಭಾನುವಾರ ಚರ್ಚಿಗೆ ಹಾಕಿಕೊಂಡು ಹೋದರೆ ಪಾದ್ರಿಗಳ ಉಪದೇಶವನ್ನು ಯಾರೂ ಕೇಳುವುದಿಲ್ಲ.

ಒಂದು ಸುದ್ದಿ. ನನ್ನ ಮೈದುನ, ಗಾರ್ಲಂಡನ ತಮ್ಮ, ಟೊರಾಂಟೋಗೆ ಹೊರಟುಹೋದ. ಯಾವುದೋ ಡಬ್ಬಿ ಮಾಡುವ ಕಾರ್ಖಾನೆಯಂತೆ. ಹೋಗುವವನು ಚಳಿಗಾಲದಲ್ಲಿ ಹೋಗಬಾರದಿತ್ತೆ? ಸರಿಯಾಗಿ ಮೀನು ಬರುವ ವಾರದಲ್ಲಿ ಹೋದ. ದೋಣಿಗೆ ಎರಡನೆಯ ಆಳು ಬೇಕಲ್ಲ, ಮೇ ತಿಂಗಳ ಕೊನೆಯಿಂದ ನಾನೇ ಹೋಗುತ್ತಿದ್ದೇನೆ. ಗಾರ್ಲಂಡ್ ಮೊದಲ ದಿನ, "ನಿಂಗ್ ಆಗಲ್ಲ ಕಣೆ, ಸುಮ್ನೆ ವಾಂತಿ ಮಾಡ್ಕೋತೀಯ" ಅಂದ. ವಾಂತಿ ಮಾಡಿದೆ, ನಿಜ. ಮಾಡಿ, ಬಾಯಿ ತೊಳೆದುಕೊಂಡು, ಅವನಿಗಿಂತ ಮೂವತ್ತು ಮೀನು ಹೆಚ್ಚು ಹಿಡಿದೆ. ಆಮೇಲೆ ಅವನು ಆ ಮಾತೆತ್ತಿಲ್ಲ.

ಪಕ್ಕದ ಮನೆ ಬ್ಲಾಂಚ್ ಮೂರು ವರ್ಷದಿಂದ ಗಂಡ ಹೆಡ್ಲಿಯ ಜೊತೆ ಹೀಗೆಯೇ ದೋಣಿಗೆ ಹೋಗುತ್ತಿದ್ದಾಳೆ, ನಿನಗೆ ಗೊತ್ತಲ್ಲ. ಈಗ ನಾವಿಬ್ಬರೂ ಬೆಳಗಿನ ಜಾವ ದಡದಲ್ಲಿ ಎಣ್ಣೆಬಟ್ಟೆಯ ಕೋಟು ತೊಟ್ಟು ನಿಂತರೆ ಗಂಡಸರಿಗೂ ನಮಗೂ ವ್ಯತ್ಯಾಸ ಕಾಣುವುದಿಲ್ಲ. ನಾವು ಸ್ವಲ್ಪ ಕಡಿಮೆ ಬೈಯುತ್ತೇವೆ ಅಷ್ಟೆ. ಅದೂ ಬ್ಲಾಂಚ್ ಇಲ್ಲದ ದಿನ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಮೀನು ತೂಗಿಸುವಾಗ ಎಸಾವ್ ಮಾವನ ಹತ್ತಿರ, "ಮಾವ, ನಂಗೂ ಒಂದು ಸ್ಟಾಂಪಿನ ಪುಸ್ತಕ ಮಾಡ್ಸಿ" ಎಂದು ಕೇಳಿದೆ. "ನಿಂಗೆ ಬರಲ್ಲ ಮಗಾ. ನೀನು ಹೆಂಡ್ತಿ" ಅಂದರು. ಇಷ್ಟೇ ಕಾರಣ! ಅಂಗಡಿ, ಅಂಚೆ, ಮೀನಿನ ತಕ್ಕಡಿ ಮೂರೂ ಒಬ್ಬರ ಕೈಯಲ್ಲೇ ಇರುವಾಗ ಜಗಳವಾಡಿ ಬದುಕಲಿಕ್ಕುಂಟೆ? ಸುಮ್ಮನೆ ಬಂದೆ. ನೀನು ಆ ನಿರುದ್ಯೋಗ ವಿಮೆಯ ಸ್ಟಾಂಪು ಎಣಿಸುವ ಕಚೇರಿಯಲ್ಲೇ ಕೂತಿದ್ದೀಯಲ್ಲ, ನೀನೇ ಹೇಳು. ಹುಟ್ಟಿದಂದಿನಿಂದ ಚರ್ಚಿನ ರಿಜಿಸ್ಟರ್ ಬಿಟ್ಟರೆ ಬೇರೆ ಯಾವ ಕಾಗದದ ಮೇಲೂ ನನ್ನ ಹೆಸರಿಲ್ಲ. ಒಂದು ಪುಸ್ತಕದ ಮೇಲೆ ಇರಲಿ ಎಂದು ಆಸೆ.

ನಿನ್ನ ಅಕ್ಕ,
ತಿರ್ಜಾ


ಸೇಂಟ್ ಜಾನ್ಸ್
ಜೂನ್ 27, 1966

ಪ್ರೀತಿಯ ಅಕ್ಕ,

ನೀನು ದೋಣಿಯಲ್ಲಿ! ಓದಿ ನಗು ಬಂತು, ಆಮೇಲೆ ಹೆದರಿಕೆಯೂ ಆಯಿತು. ಎಚ್ಚರವಾಗಿರು.

ಎಸಾವ್ ಮಾವ ಹೇಳಿದ್ದು ಸರಿ. ಲೆಕ್ಕ ಹೀಗಿದೆ. ಒಬ್ಬನ ಹೆಸರಿನಲ್ಲಿ ಒಂದು ವಾರ ಎಷ್ಟು ದುಡ್ಡಿನ ಮೀನು ಮಾರಾಟವಾಯಿತೋ ಅದರ ಮೇಲೆ ಆ ವಾರದ ಸ್ಟಾಂಪಿನ ಬೆಲೆ. ಮೀನು ಹೆಚ್ಚಿದ್ದರೆ ದೊಡ್ಡ ಸ್ಟಾಂಪು, ಕಡಿಮೆಯಿದ್ದರೆ ಚಿಕ್ಕದು. ಮಾರ್ಚ್ ಕೊನೆಯಿಂದೀಚೆಗೆ ಹದಿನೈದು ವಾರದ ಸ್ಟಾಂಪು ಪುಸ್ತಕದಲ್ಲಿದ್ದರೆ ಚಳಿಗಾಲವಿಡೀ ಸರ್ಕಾರದ ಚೆಕ್ಕು ಬರುತ್ತದೆ. ಹದಿನಾಲ್ಕಿದ್ದರೆ ಒಂದು ಕಾಸೂ ಇಲ್ಲ. ಚೆಕ್ಕು ಎಷ್ಟು ದೊಡ್ಡದು ಎನ್ನುವುದನ್ನು ಆ ಸ್ಟಾಂಪುಗಳ ಸರಾಸರಿ ತೆಗೆದು ಗೊತ್ತುಮಾಡುತ್ತೇವೆ.

ಈಗ ನಿನ್ನ ಕಥೆ. ಹೆಂಡತಿ ಹಿಡಿದ ಮೀನು ಕಾನೂನಿನ ಪ್ರಕಾರ ಗಂಡ ಹಿಡಿದ ಮೀನು. ಗಾರ್ಲಂಡನ ಸ್ಟಾಂಪಿಗೆ ಒಂದು ಮಿತಿಯಿದೆ, ಅದಕ್ಕಿಂತ ದೊಡ್ಡ ಸ್ಟಾಂಪೇ ಇಲ್ಲ. ಹಾಗಾಗಿ ಅವನ ಪಾಲಿಗೆ ಅದು ತುಂಬಿದ ಮೇಲೆ ನೀನು ಎಷ್ಟು ಹಿಡಿದರೂ ಲೆಕ್ಕಕ್ಕಿಲ್ಲ. ಮೀನು ಮಾರಿದ ದುಡ್ಡು ಬರುತ್ತದೆ, ಸ್ಟಾಂಪು ಮಾತ್ರ ಬರುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡ. ನಮಗೂ ಸ್ಟಾಂಪಿಲ್ಲ ಗೊತ್ತಾ? ಸರ್ಕಾರಿ ನೌಕರರ ಕೆಲಸ ಹೋಗುವುದೇ ಇಲ್ಲವಂತೆ, ಅದಕ್ಕೆ. ಊರವರ ಸ್ಟಾಂಪನ್ನೆಲ್ಲ ಎಣಿಸುವವಳ ಹತ್ತಿರ ಒಂದೂ ಇಲ್ಲ.

ಚಹಾದ ಹೊತ್ತಿನಲ್ಲಿ ಇಲ್ಲಿ ಒಂದು ತಮಾಷೆ ಮಾಡುತ್ತಾರೆ: ಹೆಂಗಸು ಗಂಡನ ದೋಣಿಯಲ್ಲಿ ಕೂತರೆ ಸಂಸಾರ, ಪಕ್ಕದ ಮನೆಯವನ ದೋಣಿಯಲ್ಲಿ ಕೂತರೆ ಉದ್ಯೋಗ! ನೀನು ಹೆಡ್ಲಿಯ ದೋಣಿ ಹತ್ತಿದರೆ ನಾಳೆಯೇ ನಿನ್ನ ಹೆಸರಲ್ಲಿ ಪುಸ್ತಕ. ಗಾರ್ಲಂಡನಿಗೆ ಓದಿ ಹೇಳು, ಮುಖ ಹೇಗಾಗುತ್ತದೆ ನೋಡು.

ನಿನ್ನ
ಸೆಲೀನಾ


ಪಿಂಚರ್ಸ್ ಕೋವ್
ಜುಲೈ 20, 1966

ಪ್ರೀತಿಯ ಸೆಲ್ಲಿ,

ನಿನ್ನ ಪತ್ರ ಓದಿ ಹೇಳಿದೆ. ಗಾರ್ಲಂಡ್ ನಗಲಿಲ್ಲ. ಬ್ಲಾಂಚ್ ಮಾತ್ರ ಮೀನು ಸೀಳುವ ಮೇಜಿಗೆ ಒರಗಿಕೊಂಡು, ಕೈಯಲ್ಲಿ ಚೂರಿ ಹಿಡಿದೇ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆಮೇಲೆ ನಗು ನಿಲ್ಲಿಸಿ ನನ್ನ ಮುಖ ನೋಡಿದಳು. ನಾನೂ ಅವಳ ಮುಖ ನೋಡಿದೆ.

ಮೀನು ದಂಡಿಯಾಗಿದೆ. ಉಪ್ಪುನೀರಿಗೆ ಮಣಿಕಟ್ಟಿನ ಸುತ್ತ ಗುಳ್ಳೆಗಳು ಎದ್ದಿವೆ. ಕೋಟಿನ ತೋಳು ಉಜ್ಜಿದರೆ ಜೀವ ಹೋಗುತ್ತದೆ. ಗಾರ್ಲಂಡ್ ಎರಡೂ ಕೈಗೆ ಹಿತ್ತಾಳೆ ಸರಪಳಿ ಕಟ್ಟಿಕೊಟ್ಟಿದ್ದಾನೆ, ಅದಿದ್ದರೆ ಗುಳ್ಳೆ ಕಡಿಮೆಯಾಗುತ್ತದಂತೆ. ಮದುವೆಯಾದ ಹನ್ನೊಂದು ವರ್ಷಕ್ಕೆ ಮೊದಲ ಒಡವೆ!

ಒಂದು ಫಾರಮ್ಮು ತರಿಸಿಕೊಂಡಿದ್ದೇನೆ. ಎಲ್ಲ ಅರ್ಥವಾಯಿತು, ಒಂಬತ್ತನೆಯ ಕಾಲಂ ಒಂದು ಬಿಟ್ಟು. "ದೋಣಿಯ ಯಜಮಾನನಿಗೂ ನಿಮಗೂ ಇರುವ ಸಂಬಂಧ" ಎಂದಿದೆ. ಸಂಬಂಧ ಇಲ್ಲದಿದ್ದರೆ ಖಾಲಿ ಬಿಡಬೇಕೋ, ಏನಾದರೂ ಬರೆಯಬೇಕೋ? ಸುಮ್ಮನೆ ಕೇಳುತ್ತಿದ್ದೇನೆ.

ನೀನು ಚಿಕ್ಕವಳಿದ್ದಾಗ ಹಿಟ್ಟಿನ ಪೀಪಾಯಿಯ ಮುಚ್ಚಳದ ಮೇಲೆ ಇದ್ದಿಲಿನಲ್ಲಿ ಅಕ್ಷರ ತಿದ್ದಿಸುತ್ತಿದ್ದೆನಲ್ಲ, ನೆನಪಿದೆಯಾ? ಎಸ್ ಅಕ್ಷರವನ್ನು ಯಾವಾಗಲೂ ತಿರುಗಿಸಿ ಬರೆಯುತ್ತಿದ್ದೆ. ಹೆಸರು ಸೆಲೀನಾ, ಮೊದಲ ಅಕ್ಷರವೇ ಉಲ್ಟಾ. ಈಗ ನಿನ್ನನ್ನು ನಾನು ಕಾಲಂ ಕೇಳುವಂತಾಯಿತು ನೋಡು. ಹೆಮ್ಮೆ ಆಗುತ್ತದೆ.

ನಿನ್ನ ಅಕ್ಕ,
ತಿರ್ಜಾ


ಸೇಂಟ್ ಜಾನ್ಸ್
ಆಗಸ್ಟ್ 8, 1966

ಪ್ರೀತಿಯ ಅಕ್ಕ,

ಕಚೇರಿಯಲ್ಲಿ ಕೆಲಸ ಜಾಸ್ತಿ, ಅದಕ್ಕೇ ನಾಲ್ಕು ಸಾಲು. ಒಂಬತ್ತನೆಯ ಕಾಲಂ ಖಾಲಿ ಬಿಟ್ಟರೆ ಫಾರಮ್ಮು ವಾಪಸು ಬರುತ್ತದೆ. "ಯಾವುದೂ ಇಲ್ಲ" ಎಂದು ಬರೆಯಬೇಕು. ಹದಿನಾಲ್ಕನೆಯದು ಕಚೇರಿಯವರಿಗೆ, ಅದನ್ನು ಮುಟ್ಟಬಾರದು. ಎಲ್ಲರೂ ಅಲ್ಲೇ ತಪ್ಪುತ್ತಾರೆ.

ಯಾರಿಗೆ ಬೇಕಿತ್ತು ಎಂದು ನೀನು ಹೇಳಲಿಲ್ಲ, ನಾನೂ ಕೇಳುತ್ತಿಲ್ಲ. ಗುಳ್ಳೆಗೆ ಮುಲಾಮು ಕಳಿಸಿದ್ದೇನೆ.

ನಿನ್ನ
ಸೆಲೀನಾ


ಪಿಂಚರ್ಸ್ ಕೋವ್
ಡಿಸೆಂಬರ್ 18, 1966

ಪ್ರೀತಿಯ ಸೆಲ್ಲಿ,

ನನ್ನ ಮುಂದೆ ಮೇಜಿನ ಮೇಲೆ ಒಂದು ಪುಸ್ತಕವಿದೆ. ಹೊರಗೆ "ತಿರ್ಜಾ ರೈಡೌಟ್, ಮೀನುಗಾರ" ಎಂದು ಟೈಪು ಮಾಡಿದೆ. ಒಳಗೆ ಹದಿನೇಳು ಸ್ಟಾಂಪು. ಪಕ್ಕದಲ್ಲಿ ಮೊದಲ ಚೆಕ್ಕು. ಚೆಕ್ಕನ್ನು ಇನ್ನೂ ಮುರಿಸಿಲ್ಲ, ನಾಲ್ಕು ದಿನದಿಂದ ಬರೀ ನೋಡುತ್ತಿದ್ದೇನೆ. ಗಾರ್ಲಂಡ್, "ಅದೇನು ದೇವರ ಪಟಾನಾ?" ಎಂದು ರೇಗಿಸುತ್ತಾನೆ.

ಹೇಗೆ ಎಂದು ನೀನು ಕೇಳುವುದಿಲ್ಲವೆಂದು ಗೊತ್ತು, ಆದರೂ ಹೇಳಿಬಿಡುತ್ತೇನೆ. ಜುಲೈಯಿಂದ ಕಾಗದದ ಮೇಲೆ ನಾನು ಹೆಡ್ಲಿಯ ದೋಣಿಯಲ್ಲಿ, ಬ್ಲಾಂಚ್ ಗಾರ್ಲಂಡನ ದೋಣಿಯಲ್ಲಿ. ನೀರಿನ ಮೇಲೆ ಮಾತ್ರ ನಾನು ನನ್ನ ಗಂಡನ ಜೊತೆ, ಅವಳು ಅವಳ ಗಂಡನ ಜೊತೆ. ಹಿಡಿದ ಮೀನೆಲ್ಲ ನಿಜ. ಒಂದು ಬಾಲವೂ ಸುಳ್ಳಲ್ಲ. ಎಸಾವ್ ಮಾವ ರಸೀತಿ ಬರೆಯುವಾಗ ಕನ್ನಡಕ ತೆಗೆದಿಟ್ಟು, "ನಂಗೀಗ ದೂರದ್ದು ಕಾಣ್ಸಲ್ಲ ಮಗಾ, ಯಾರು ಯಾವ ದೋಣೀಲಿ ಬಂದ್ರೋ ನೀವೇ ಹೇಳ್ಬೇಕು" ಎಂದು ಪ್ರತಿ ವಾರ ಕೇಳುತ್ತಿದ್ದರು. ಪ್ರತಿ ವಾರ ಹೇಳಿದೆ.

ಚೆಕ್ಕು ಬರಬೇಕಾದರೆ ಎರಡು ವಾರಕ್ಕೊಮ್ಮೆ ಕಾರ್ಡು ತುಂಬಿ ಕಳಿಸಬೇಕಲ್ಲ. "ಕೆಲಸ ಸಿಕ್ಕರೆ ಮಾಡಲು ಸಿದ್ಧರಿದ್ದೀರಾ?" ಎಂದು ಕೇಳುತ್ತಾರೆ. ಕೊಲ್ಲಿ ದಡದಿಂದ ದಡಕ್ಕೆ ಹೆಪ್ಪುಗಟ್ಟಿದೆ. ನಾನು ಸಿದ್ಧಳಿದ್ದೇನೆ, ಸಮುದ್ರ ಸಿದ್ಧವಿಲ್ಲ ಎಂದು ಬರೆಯೋಣವೆನ್ನಿಸಿತು. ಬರೀ "ಹೌದು" ಎಂದು ಬರೆದೆ.

ಒಂದು ವಿಷಯ ಚುಚ್ಚುತ್ತದೆ. ಚರ್ಚಿನಲ್ಲಿ ಹೆಂಗಸರು ಹಿಂದಿನ ಬೆಂಚಿನಿಂದ, "ತಿರ್ಜಾ, ಈ ಭಾನುವಾರ ಯಾರ ಪಕ್ಕ ಕೂರ್ತೀಯೇ? ಹೆಡ್ಲಿ ಕಡೆ ಜಾಗ ಇದೆ" ಎಂದು ಕಿಸಕ್ಕೆಂದರು. ನಾನೂ ನಕ್ಕುಬಿಟ್ಟೆ. ಮನೆಗೆ ಬಂದ ಮೇಲೆ ಗಾರ್ಲಂಡ್ ಊಟ ಮಾಡಲಿಲ್ಲ. ಊರ ಬಾಯಿಗೆ ಬೀಗ ಹಾಕಲಾದೀತೆ? ಆದರೂ ಆ ಪುಸ್ತಕ ನೋಡಿದಾಗ ಖುಷಿಯ ಜೊತೆ ನಾಚಿಕೆಯೂ ಆಗುತ್ತದೆ. ನನ್ನ ಹೆಸರು ಕಡೆಗೂ ಬಂತು, ಆದರೆ ಬೇರೆಯವನ ದೋಣಿಯಲ್ಲಿ ಬಂತು.

ಕೈಗವಸು ಹೆಣೆದು ಕಳಿಸಿದ್ದೇನೆ. ಉಣ್ಣೆ ನನ್ನ ಚೆಕ್ಕಿನದಲ್ಲ, ಹಳೆಯದು.

ನಿನ್ನ ಅಕ್ಕ,
ತಿರ್ಜಾ


ಸೇಂಟ್ ಜಾನ್ಸ್
ಜನವರಿ 15, 1967

ಅಕ್ಕ,

ಅವಸರದಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಚೇರಿಯ ತನಿಖಾಧಿಕಾರಿ ಮಿಸ್ಟರ್ ಡ್ರೋವರ್ ಮುಂದಿನ ತಿಂಗಳು ನಿಮ್ಮ ಕರಾವಳಿಯ ಕಡೆ ಬರುತ್ತಾರೆ. ಒಂದೇ ಊರಿನಿಂದ ಹೆಂಗಸರ ಹೆಸರಿನ ಎರಡು ಅರ್ಜಿ ಬಂದವಲ್ಲ, ಅಪರೂಪ. "ಅದೂ ಒಂದೂ ತಪ್ಪಿಲ್ಲದ ಅರ್ಜಿ! ಹದಿನಾಲ್ಕನೆಯ ಕಾಲಂ ಮುಟ್ಟದೆ ಬಿಟ್ಟಿದ್ದಾರೆ. ಕೊಲ್ಲಿಯವರಿಗೆ ಇಷ್ಟು ಬುದ್ಧಿ ಎಲ್ಲಿಂದ ಬಂತು? ಒಳಗಿನವರು ಯಾರೋ ಹೇಳಿಕೊಟ್ಟಿದ್ದಾರೆ" ಎಂದು ನನ್ನ ಮೇಜಿನ ಹತ್ತಿರವೇ ನಿಂತು ಹೇಳಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ನಾನು ಟೈಪು ಮಾಡುತ್ತಿದ್ದ ಹಾಳೆಯನ್ನು ಹರಿದು ಹಾಕಿದೆ.

ನಾನು ಪಿಂಚರ್ಸ್ ಕೋವಿನವಳು ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ಯಾವುದೋ ದೊಡ್ಡ ಊರಿನ ಹೆಸರು ಹೇಳಿಕೊಂಡಿದ್ದೇನೆ. ಇದನ್ನು ನಿನಗೆ ಯಾವತ್ತೂ ಬರೆದಿರಲಿಲ್ಲ.

ನನ್ನ ಹಳೆಯ ಪತ್ರಗಳನ್ನೆಲ್ಲ ನೀನು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿರುತ್ತೀಯಲ್ಲ. ಈ ವರ್ಷ ಚಳಿ ಜಾಸ್ತಿ. ನಿಮ್ಮ ಒಲೆ ಚೆನ್ನಾಗಿ ಉರಿಯುತ್ತಿದೆಯಾ?

ಸೆಲೀನಾ


ಪಿಂಚರ್ಸ್ ಕೋವ್
ಫೆಬ್ರವರಿ 20, 1967

ಕುಮಾರಿ ಸೆಲೀನಾ ಪಾರ್ಡಿ ಅವರಿಗೆ,

ನಿಮ್ಮ ಅಕ್ಕ ಶ್ರೀಮತಿ ತಿರ್ಜಾ ರೈಡೌಟ್ ಅವರಿಗೆ ಬರೆಯಲು ಬಾರದ ಕಾರಣ ಈ ಪತ್ರವನ್ನು ಅವರ ಪರವಾಗಿ ನಾನು ಬರೆಯುತ್ತಿದ್ದೇನೆ. ಅವರು ಆರೋಗ್ಯವಾಗಿದ್ದಾರೆ. ಗಾರ್ಲಂಡನೂ ಆರೋಗ್ಯವಾಗಿದ್ದಾನೆ.

ಸೆಲ್ಲಿ ಮಗಾ, ಈ ಮೇಲಿನ ಮೊದಲ ಸಾಲು ಸುಳ್ಳೆಂದು ನಿನಗೆ ಗೊತ್ತು. ಇನ್ನು ಮುಂದಿನದು ನನ್ನ ಮಾತು. ಇದನ್ನು ಅಂಚೆಗೆ ಹಾಕುತ್ತಿಲ್ಲ, ಪಟ್ಟಣಕ್ಕೆ ಬರುತ್ತಿರುವ ನರ್ಸಮ್ಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಡ್ರೋವರ್ ಸಾಹೇಬರು ಬಂದು ಹೋದರು. ಏನಾಯಿತೆಂದು ನಿನಗೆ ಕಡತದಲ್ಲಿ ಸಿಗುತ್ತದೆ, ನನ್ನ ಬಾಯಲ್ಲಿ ಕೇಳಬೇಡ. ಸಾಕ್ಷಿ ಎಂದು ನನ್ನ ರುಜುವೂ ಅದರಲ್ಲಿದೆ. ಎಪ್ಪತ್ತೊಂದು ವರ್ಷಕ್ಕೆ ನಾನು ಹಾಕಿದ ಮೊದಲ ಸುಳ್ಳು ರುಜು ಅದು. ರಸೀತಿಗಳನ್ನು ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಆಗ ಕನ್ನಡಕ ಇರಲಿಲ್ಲ.

"ನೀನೇ ಬರೆಯಮ್ಮ, ನರ್ಸಮ್ಮ ಒಯ್ಯುತ್ತಾಳೆ, ಯಾರೂ ನೋಡುವುದಿಲ್ಲ" ಎಂದು ತಿರ್ಜಾಗೆ ಪೆನ್ನು ಕೊಟ್ಟೆ. ಹಿಡಿದಳು, ಕೆಳಗಿಟ್ಟಳು. "ನಾಚ್ಕೆ ಆಗತ್ತೆ ಮಾವ, ನೀವೇ ಬರೀರಿ" ಅಂದಳು. ಅವಳು ಹೇಳಿದ್ದು ಎರಡೇ ಮಾತು. ಒಂದು, ಒಲೆ ಚೆನ್ನಾಗಿ ಉರಿಯಿತು. ಇನ್ನೊಂದು, ಕೂತ ಕುರ್ಚಿಯಿಂದ ಏಳಬೇಡ.

ಎಸಾವ್ ಹೈನ್ಸ್


ಸೇಂಟ್ ಜಾನ್ಸ್
ಮಾರ್ಚ್ 4, 1967

ಅಕ್ಕ,

ನರ್ಸ್ ನಾಳೆ ಹಿಂದಿರುಗುತ್ತಾಳೆ, ಅವಳ ಕೈಯಲ್ಲಿ ಇದನ್ನು ಕೊಡುತ್ತೇನೆ.

ಕಡತ ನೋಡಿದೆ. ಡ್ರೋವರ್ ಎಲ್ಲವನ್ನೂ ಬರೆದಿದ್ದಾರೆ. ಎಸಾವ್ ಮಾವನ ಅಂಗಡಿಯಲ್ಲಿ, ಊರವರೆಲ್ಲ ಒಲೆಯ ಸುತ್ತ ನಿಂತಿರುವಾಗ ನಿಮ್ಮಿಬ್ಬರನ್ನು ಕರೆಸಿದ್ದು. ನೀನು ತೋಳು ಮಡಚಿ ಮಣಿಕಟ್ಟಿನ ಕಲೆ ತೋರಿಸಿದ್ದು. "ಇದು ಮೀನು ಹಿಡಿದ ಕೈಯೋ ಅಲ್ಲವೋ ನೀವೇ ಹೇಳಿ ಸ್ವಾಮಿ" ಎಂದದ್ದು. "ಹಿಡಿದ ಕೈಯೇ. ಆದರೆ ಯಾರ ದೋಣಿಯಲ್ಲಿ ಎಂದು ಗುಳ್ಳೆಯ ಮೇಲೆ ಬರೆದಿಲ್ಲವಲ್ಲ" ಎಂದು ತಾವು ಉತ್ತರ ಕೊಟ್ಟದ್ದನ್ನೂ ಬರೆದುಕೊಂಡಿದ್ದಾರೆ, ತಮ್ಮ ಜಾಣತನ ಮೆಚ್ಚಿಕೊಂಡು.

ಆಮೇಲೆ ಬ್ಲಾಂಚಳ ಕಡೆ ತಿರುಗಿ, "ಅಂದರೆ ಬೇಸಿಗೆಯೆಲ್ಲ ಪರರ ಗಂಡನ ಜೊತೆ ಒಬ್ಬಳೇ ಸಮುದ್ರದಲ್ಲಿ ಇದ್ದೆ" ಎಂದರಂತೆ. ಬ್ಲಾಂಚ್ ಅಲ್ಲವೇ, ಭುಗಿಲೆಂದಳು. "ಬಾಯಿ ಬಿಗಿ ಹಿಡಿದು ಮಾತಾಡಿ! ನಾನು ಮಾನವಂತೆ. ಗಾರ್ಲಂಡನ ದೋಣಿಗೆ ನಾನು ಕಾಲೇ ಇಟ್ಟಿಲ್ಲ!" ಅಲ್ಲಿಗೆ ಮುಗಿಯಿತು. ಮಾನ ಉಳಿಸಿಕೊಳ್ಳಲು ಹೋಗಿ ನಿಜ ಹೇಳಿಬಿಟ್ಟಳು. ಅವಳ ಮೇಲೆ ನನಗೆ ಸಿಟ್ಟಿಲ್ಲ.

ಕೊನೆಯ ಪುಟ. "ಈ ಉಪಾಯವನ್ನೂ ಫಾರಮ್ಮು ತುಂಬುವುದನ್ನೂ ನಿನಗೆ ಯಾರು ಪತ್ರ ಬರೆದು ಹೇಳಿಕೊಟ್ಟರು? ಪತ್ರಗಳೆಲ್ಲಿ?" ಎಂಬ ಪ್ರಶ್ನೆ. ಅದಕ್ಕೆ ನಿನ್ನ ಉತ್ತರ: "ನನಗೆ ಯಾರೂ ಪತ್ರ ಬರೆಯುವುದಿಲ್ಲ. ನನಗೆ ಓದಲು ಬರುವುದಿಲ್ಲ. ಫಾರಮ್ಮು ತುಂಬಿಕೊಟ್ಟದ್ದು ಅಂಚೆಯವರು." ಕೆಳಗೆ ಹೇಳಿಕೆಯನ್ನು ಗಟ್ಟಿಯಾಗಿ, ನಿಧಾನವಾಗಿ ಓದಿ ಹೇಳಲಾಯಿತು ಎಂದಿದೆ. ಅದರ ಕೆಳಗೆ ಒಂದು ಇಂಟು ಗುರುತು. ಪಕ್ಕದಲ್ಲಿ ಎಸಾವ್ ಮಾವನ ಅಕ್ಷರ: ತಿರ್ಜಾ ರೈಡೌಟ್ ಹಾಕಿದ ಗುರುತು.

ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದವಳು ನೀನು. ಆ ಅಂಗಡಿಯಲ್ಲಿ ನಿಂತವರಲ್ಲಿ ಎಷ್ಟು ಜನ ಆ ಪೀಪಾಯಿ ಮುಚ್ಚಳದ ಮೇಲೆ ತಿದ್ದಿದವರೋ! ಒಬ್ಬರೂ ಬಾಯಿ ಬಿಡಲಿಲ್ಲ. ಆ ಇಂಟು ಗುರುತಿನ ಗೆರೆ ಎಷ್ಟು ನೇರವಾಗಿದೆ ಗೊತ್ತಾ ಅಕ್ಕ? ಪೆನ್ನು ಹಿಡಿದು ಅಭ್ಯಾಸವಿಲ್ಲದವರು ಅಷ್ಟು ನೇರ ಗೆರೆ ಎಳೆಯಲಾರರು. ಅದೊಂದನ್ನು ಡ್ರೋವರ್ ನೋಡಲಿಲ್ಲ.

ಇನ್ನೂ ಒಂದು ಇದೆ. ಇದನ್ನು ಹೇಳದಿದ್ದರೆ ನಾನು ಮನುಷ್ಯಳೇ ಅಲ್ಲ. ಕಡತ ನನ್ನ ಮೇಜಿಗೆ ಬರುವ ಮೊದಲೇ ಡ್ರೋವರ್ ಚಹಾದ ಹೊತ್ತಿನಲ್ಲಿ ಈ ಕಥೆಯನ್ನು ಅಭಿನಯ ಮಾಡಿ ತೋರಿಸಿದರು. ನಾಲಿಗೆ ಹೊರಗೆ ಚಾಚಿ, ಪೆನ್ನನ್ನು ಮುಷ್ಟಿಯಲ್ಲಿ ಹಿಡಿದು, ಮೇಜಿನ ಮೇಲೆ ಬಗ್ಗಿ ಇಂಟು ಗುರುತು ಹಾಕಿ ತೋರಿಸಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ ಅಕ್ಕ. ಯಾರ ಕಥೆಯೆಂದು ಗೊತ್ತಿದ್ದೇ ನಕ್ಕೆ. ಬಟ್ಟಲಿನ ಚಹಾ ಚೆಲ್ಲುವಷ್ಟು ನಕ್ಕೆ.

ನಾಳೆಯೂ ಅದೇ ಕುರ್ಚಿಯಲ್ಲಿ ಹೋಗಿ ಕೂರುತ್ತೇನೆ. ಕೂರು ಎಂದವಳು ನೀನೇ ಅಲ್ಲವೇ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ನಾನು ಹೇಡಿ.

ಸೆಲೀನಾ


ಸೇಂಟ್ ಜಾನ್ಸ್
ಮಾರ್ಚ್ 10, 1967

ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಪಿಂಚರ್ಸ್ ಕೋವಿನ ತಿರ್ಜಾ ರೈಡೌಟ್ ಅವರಿಗೆ ಹಣ ವಾಪಸಾತಿಯ ನೋಟೀಸನ್ನು ಟೈಪು ಮಾಡಲು ಈ ದಿನ ನನಗೆ ಕೊಟ್ಟಿದ್ದೀರಿ. ಅದರ ಕೊನೆಯಲ್ಲಿ "ಈಕೆಗೆ ಓದು ಬಾರದು, ಓದಿ ಹೇಳತಕ್ಕದ್ದು" ಎಂಬ ಸಾಲು ಸೇರಿಸಬೇಕೆಂದಿದೆ. ಆ ಸಾಲನ್ನು ನಾಲ್ಕು ಸಲ ಟೈಪು ಮಾಡಲು ನೋಡಿದೆ. ಆಗಲಿಲ್ಲ.

ಆಕೆಗೆ ಓದು ಬರುತ್ತದೆ. ಆಕೆ ನನ್ನ ಅಕ್ಕ. ತಾಯಿ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು, ಅಕ್ಷರ ಕಲಿಸಿದವಳು. ಈ ನೌಕರಿಗೆ ನಾನು ಬರೆದ ಅರ್ಜಿಯ ಅಕ್ಷರವೂ ಆಕೆ ಕಲಿಸಿದ್ದೇ. ಬೇರೆಯವನ ದೋಣಿ ಹತ್ತಿದರೆ ಸ್ಟಾಂಪು ಸಿಗುತ್ತದೆ ಎಂದು ತಮಾಷೆಗೆ ಬರೆದವಳು ನಾನು. ಒಂಬತ್ತನೆಯ ಕಾಲಮ್ಮಿಗೆ ಏನು ಬರೆಯಬೇಕೆಂದು ಹೇಳಿದಾಗ ಅದು ತಮಾಷೆಯಾಗಿರಲಿಲ್ಲ. ನನಗೆ ಗೊತ್ತಿತ್ತು, ಗೊತ್ತಿಲ್ಲದವಳ ಹಾಗೆ ಇದ್ದೆ. ಪತ್ರಗಳನ್ನು ಸುಡಲು ಹೇಳಿದವಳೂ ನಾನೇ.

ಆಕೆಯ ಪತ್ರಗಳನ್ನು ನಾನು ಸುಟ್ಟಿಲ್ಲ. ಐದು ವರ್ಷದವು ಇದರ ಜೊತೆಯಲ್ಲಿವೆ. ದಯವಿಟ್ಟು ಅಕ್ಷರ ನೋಡಿ. ತಪ್ಪಿಗೆ ದಂಡ ಇದ್ದರೆ ನನಗೆ ಹಾಕಿ. ಮೀನು ಮಾತ್ರ ಆಕೆ ಹಿಡಿದದ್ದು ನಿಜ.

ನೋಡಿಯಾದ ಮೇಲೆ ಪತ್ರಗಳನ್ನು ಹಿಂದಕ್ಕೆ ಕೊಡಬೇಕೆಂದು ಬೇಡಿಕೊಳ್ಳುತ್ತೇನೆ.

ತಮ್ಮ ವಿಧೇಯ,
ಸೆಲೀನಾ ಪಾರ್ಡಿ
ಪಿಂಚರ್ಸ್ ಕೋವಿನವಳು


ಪಿಂಚರ್ಸ್ ಕೋವ್
ಏಪ್ರಿಲ್ 23, 1967

ಸೆಲ್ಲಿ,

ಹೌದು, ನನ್ನ ಕೈಯದೇ ಅಕ್ಷರ. ಎರಡು ತಿಂಗಳಿಂದ ಬರೆದಿಲ್ಲ, ಸ್ವಲ್ಪ ಅಂಕುಡೊಂಕು.

ನಿನ್ನನ್ನು ಯಾರು ಕೇಳಿದರು? ಕೂತಿರು ಎಂದರೆ ಕೂತಿರಲು ಬರುವುದಿಲ್ಲವಾ ನಿನಗೆ? ಊರವರ ಮುಂದೆ ಆ ಗೆರೆ ಎಳೆದಾಗ ಭೂಮಿ ಬಾಯಿ ಬಿಡಬಾರದೆ ಎನ್ನಿಸಿತ್ತು. ಆ ಮನುಷ್ಯ ನನ್ನ ಮುಖದ ಹತ್ತಿರ ಮುಖ ತಂದು ಕಿವುಡಿಗೆ ಕೂಗುವ ಹಾಗೆ ಒಂದೊಂದು ಪದ ಕೂಗಿ ಓದುತ್ತಿದ್ದ. ಎರಡು ಕಡೆ ತಪ್ಪು ಓದಿದ. ತಿದ್ದದೆ ಸುಮ್ಮನೆ ನಿಂತಿದ್ದೆ, ಬಾಯಿ ತುರಿಸುತ್ತಿತ್ತು. ಇದೊಂದು ನಾಚಿಕೆ ತಿಂದರೆ ನನ್ನ ಸೆಲ್ಲಿಯ ಕುರ್ಚಿ ಉಳಿಯುತ್ತದಲ್ಲ ಎಂದು ತಿಂದೆ. ಈಗ ಕುರ್ಚಿಯೂ ಇಲ್ಲ, ನಾನು ತಿಂದದ್ದೂ ದಂಡ. ನಿನ್ನ ಕೆಲಸ ಹೋದ ಸುದ್ದಿ ಕೇಳಿ ಎರಡು ದಿನ ಪಾತ್ರೆ ಕುಕ್ಕುತ್ತಾ ಓಡಾಡಿದೆ. ಗಾರ್ಲಂಡ್ ದೋಣಿಗೆ ಟಾರು ಬಳಿಯುವ ನೆಪ ಹೇಳಿ ಹೊರಗೇ ಇದ್ದ.

ನೀನು ನಕ್ಕದ್ದನ್ನು ಓದಿದೆ. ಸುಳ್ಳು ಯಾಕೆ ಹೇಳಲಿ, ಅದು ನೋವಾಯಿತು. ಇಂಟು ಗುರುತಿಗಿಂತ ಹೆಚ್ಚು. ಇನ್ನೊಮ್ಮೆ ಆ ಮಾತು ಎತ್ತಬೇಡ, ನಾನೂ ಎತ್ತುವುದಿಲ್ಲ.

ಹೊಸ ನೋಟೀಸು ಬಂತು. ಕೋರ್ಟು ಕಚೇರಿ ಇಲ್ಲವಂತೆ. ಬ್ಲಾಂಚಳದೂ ನನ್ನದೂ ಸ್ಟಾಂಪೆಲ್ಲ ರದ್ದು, ಚೆಕ್ಕಿನ ಹಣ ಬೇಸಿಗೆಯೊಳಗೆ ಕಟ್ಟಬೇಕು. ಕಟ್ಟುತ್ತೇವೆ. ಎಸಾವ್ ಮಾವ ಅದನ್ನು ನನ್ನ ಕೈಗೆ ಕೊಡದೆ, ಒಲೆಯ ಸುತ್ತ ಇದ್ದವರೆಲ್ಲ ಕೇಳುವ ಹಾಗೆ, "ತಿರ್ಜಾ, ಕನ್ನಡಕ ಮನೇಲಿ ಬಿಟ್ಟು ಬಂದೀನಿ, ಸ್ವಲ್ಪ ಓದಿ ಹೇಳವ್ವ" ಅಂದರು. ಕನ್ನಡಕ ಅವರ ಮೂಗಿನ ಮೇಲೇ ಇತ್ತು. ಓದಿದೆ. ಮೇಲಿನಿಂದ ಕೆಳಗಿನವರೆಗೆ, ಅಲ್ಪವಿರಾಮವನ್ನೂ ಬಿಡದೆ ಓದಿದೆ. ಆಮೇಲೆ ಪೆನ್ನು ತೆಗೆದುಕೊಂಡು ನನ್ನ ಪೂರ್ತಿ ಹೆಸರು ಬರೆದೆ. ಮಸಿ ಸ್ವಲ್ಪ ಹರಡಿತು, ಇರಲಿ. ಪುಸ್ತಕವನ್ನು ವಾಪಸು ಕಳಿಸಬೇಕಿತ್ತು, ಕಳಿಸಿದೆ.

ಈಗ ನಿನ್ನ ವಿಷಯ. ಊರವರ ಸ್ಟಾಂಪು ಎಣಿಸಿದವಳ ಹತ್ತಿರ ಒಂದೂ ಸ್ಟಾಂಪಿಲ್ಲ ಎಂದು ನೀನೇ ಬರೆದಿದ್ದೆ. ಪಟ್ಟಣದಲ್ಲಿ ಕೂತು ಏನು ತಿನ್ನುತ್ತೀಯ? ನೋಟೀಸಿನ ಜೊತೆ ನಿಯಮದ ಚಿಕ್ಕ ಪುಸ್ತಕವನ್ನೂ ಕಳಿಸಿದ್ದಾರೆ. ಇನ್ನೊಮ್ಮೆ ತಪ್ಪು ಮಾಡದಿರಲಿ ಎಂದಿರಬೇಕು. ಅದನ್ನು ಮೊದಲಿನಿಂದ ಕೊನೆಯವರೆಗೆ ಎರಡು ಸಲ ಓದಿದ್ದೇನೆ. ದೋಣಿಯ ಯಜಮಾನನ ಹೆಂಡತಿಗೆ ಸ್ಟಾಂಪಿಲ್ಲ ಎಂದಿದೆ. ಹೆಂಡತಿಯ ತಂಗಿಗೆ ಇಲ್ಲ ಎಂದು ಎಲ್ಲೂ ಬರೆದಿಲ್ಲ.

ಮೇ ಹತ್ತರ ಸ್ಟೀಮರಿಗೆ ಬಾ. ದೋಣಿಯಲ್ಲಿ ಮೂರು ಜನಕ್ಕೆ ಜಾಗವಿದೆ. ನಾನು ಹಿಡಿದದ್ದು ಮೊದಲಿನ ಹಾಗೆಯೇ ಗಾರ್ಲಂಡನ ಲೆಕ್ಕಕ್ಕೆ ಹೋಗಿ ಮುಳುಗುತ್ತದೆ, ನೀನು ಹಿಡಿದದ್ದು ನಿನ್ನ ಹೆಸರಿಗೆ. ಮೊದಲ ವಾರ ವಾಂತಿ ಮಾಡುತ್ತೀಯ, ಮಣಿಕಟ್ಟಿಗೆ ಗುಳ್ಳೆ ಬರುತ್ತವೆ. ನನ್ನ ಸರಪಳಿಗಳಲ್ಲಿ ಒಂದನ್ನು ನಿನಗೆಂದು ಉಜ್ಜಿ ಇಟ್ಟಿದ್ದೇನೆ.

ಫಾರಮ್ಮನ್ನು ಈ ಪತ್ರದ ಜೊತೆಯೇ ಮಡಚಿ ಇಟ್ಟಿದ್ದೇನೆ. ಉಳಿದದ್ದೆಲ್ಲ ನಾನೇ ತುಂಬಿದ್ದೇನೆ, ಒಂಬತ್ತನೆಯ ಕಾಲಂ ನಿನಗೆ ಬಿಟ್ಟಿದ್ದೇನೆ. ಈ ಸಲ ನಿಜವನ್ನೇ ಬರೆ. "ನಾದಿನಿ" ಎಂದು ಬರೆ.

ನಿನ್ನ ಅಕ್ಕ,
ತಿರ್ಜಾ ರೈಡೌಟ್